ಅಂಗಡಿಯಲ್ಲಿ ಎತ್ತಿಕೊಂಡದ್ದು ಕಳ್ಳತನವಾಗುವುದು ಯಾವಾಗ?

ಹಿಂದೆ ಶೆಟ್ಟರ ಅಂಗಡಿಯಲ್ಲಿ ಗಿರಾಕಿ ಹೊರಗೆ ನಿಂತು ಕೇಳಬೇಕಿತ್ತು, ಸಾಮಾನು ಅವರೇ ಕಟ್ಟಿಕೊಡುತ್ತಿದ್ದರು. ಈಗ ಕಾಸರಗೋಡಿರಲಿ, ಹೊಸೂರಿರಲಿ, ಸೊಲ್ಲಾಪುರವಿರಲಿ, ಸೂಪರ್ ಮಾರ್ಕೆಟ್‌ನಲ್ಲಿ ನಾವೇ ಎತ್ತಿ ಬುಟ್ಟಿಗೆ ಹಾಕಿಕೊಳ್ಳುತ್ತೇವೆ. ಗೊಂದಲ ಹುಟ್ಟುವುದೇ ಇಲ್ಲಿ. ರಾಜ್ಯ ಯಾವುದಾದರೂ ಕಾನೂನು ಮಾತ್ರ ಒಂದೇ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ 378, 379ನೇ ಕಲಂಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಬಂದಿದೆ.

ಇನ್ನೊಬ್ಬರ ವಶದಲ್ಲಿರುವ ಚರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಕದಲಿಸಿದರೆ ಅದು ಕಳ್ಳತನ. 'ಕದಲಿಸಿದರೆ' ಎಂಬ ಮಾತನ್ನು ಗಮನಿಸಿ. ಬಾಗಿಲು ದಾಟಿದರಷ್ಟೇ ಕಳ್ಳತನ ಎಂಬ ನಂಬಿಕೆ ತಪ್ಪು. ಮೇಜಿನ ಮೇಲಿನ ಉಂಗುರವನ್ನು ಆಮೇಲೆ ಒಯ್ಯಲೆಂದು ಅದೇ ಮನೆಯಲ್ಲಿ ಬಚ್ಚಿಟ್ಟರೂ ಕಳ್ಳತನವೇ ಎಂಬ ಉದಾಹರಣೆ ಕಾನೂನಿನಲ್ಲೇ ಇದೆ. ಆದರೆ ಅಂಗಡಿಯಲ್ಲಿ ವಸ್ತುವನ್ನು ಬಿಲ್ ಕೌಂಟರಿನವರೆಗೆ ಒಯ್ಯಲು ಮಾಲೀಕರ ಒಪ್ಪಿಗೆ ಇದ್ದೇ ಇರುತ್ತದೆ. ಆದ್ದರಿಂದ ಎಲ್ಲವೂ ಉದ್ದೇಶದ ಮೇಲೆ ನಿಂತಿದೆ. ಸೋಪನ್ನು ಸೆರಗಿನೊಳಗೆ ಅಡಗಿಸುವುದು ಬೇರೆ, ಮಗು ಚೀಲಕ್ಕೆ ಹಾಕಿದ ಚಾಕೊಲೇಟ್ ತಾಯಿಯ ಗಮನಕ್ಕೆ ಬಾರದಿರುವುದು ಬೇರೆ.

ಶಿಕ್ಷೆ ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥರಾದವರು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಇಂಥ ಸಣ್ಣ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಜಾಮೀನೂ ಸಿಗುತ್ತದೆ. ಆದರೆ ಸ್ವತ್ತು ಇಡುವ ಕಟ್ಟಡದೊಳಗಿನ ಕಳ್ಳತನಕ್ಕೆ 305ನೇ ಕಲಂನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಹಾಗಾಗಿ ಎಫ್‌ಐಆರ್ ಆದರೆ ಯಾವ ಕಲಂ ಹಾಕಿದ್ದಾರೆಂದು ಮೊದಲು ನೋಡಬೇಕು.

ಸಾಬೀತು ಮಾಡುವ ಹೊಣೆ ದೂರು ಕೊಟ್ಟ ಕಡೆಯದು. ಕಣ್ಣಾರೆ ಕಂಡವರು, ಪಂಚರ ಎದುರು ವಶಪಡಿಸಿಕೊಂಡ ವಸ್ತು, ಅದು ಆ ಅಂಗಡಿಯದೇ ಎಂಬ ಗುರುತು, ಬಿಲ್ ಆಗಿಲ್ಲ ಎಂಬ ದಾಖಲೆ ಮುಖ್ಯ. ಸಿಸಿ ಕ್ಯಾಮೆರಾ ಇದ್ದರೆ ಮುಗಿಯಿತು ಅನ್ನುವವರಿದ್ದಾರೆ. ದೃಶ್ಯದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಸಾಲದು, ಜತೆಗೆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ. ಈಗ ಇದು ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಹೆದರಿಸಿ ಬರೆಸಿಕೊಂಡ ಚೀಟಿಯೂ ನಿಲ್ಲುವುದು ಕಷ್ಟ.

ನಮ್ಮ ಕಡೆಯವರು ಎಡವುವುದು ಈ ಚೀಟಿಯಲ್ಲೇ. ಮಲಯಾಳವೋ ತಮಿಳೋ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವಮಾನಕ್ಕೆ ಅಂಜಿ ಸಹಿ ಹಾಕಿಬಿಡುತ್ತಾರೆ. ಓದಲಾಗದ ಕಾಗದಕ್ಕೆ ಸಹಿ ಬೇಡ. ಅಂಗಡಿಯವರಿಗೆ ಮೈ ತಡಕುವ ಅಧಿಕಾರವಿಲ್ಲ. ಜಾಮೀನುರಹಿತವಾದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ತಮ್ಮೆದುರೇ ನಡೆದರೆ ಮಾತ್ರ ಖಾಸಗಿಯವರು ಹಿಡಿಯಬಹುದು. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಸುಮ್ಮನೆ ಕೋಣೆಯಲ್ಲಿ ಕೂಡಿಹಾಕಿದರೆ ಅದೇ ಒಂದು ಅಪರಾಧ, 127ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು.

ಕೋರ್ಟಿಗೆ ಹೋದ ಮೇಲೂ, ಸಾಕ್ಷಿಯ ಭಾಷೆ ಆರೋಪಿಗೆ ತಿಳಿಯದಿದ್ದರೆ ಅದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಕನ್ನಡದಲ್ಲಿ ಬೇಕೆಂದು ವಕೀಲರ ಮೂಲಕ ಮೊದಲ ದಿನವೇ ಕೇಳಿಕೊಳ್ಳಬಹುದು.