ಬೆಳಗ್ಗೆ ಸರಿ, ಸಂಜೆಗೆ ಬೇರೆ: ಲೆವಿ ಬಾಡಿ ಡಿಮೆನ್ಷಿಯಾ ಇರುವ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳೋದು ಹೇಗೆ?

ಬೆಳಗ್ಗೆ ಪೇಪರ್ ಓದಿ ಮೊಮ್ಮಕ್ಕಳ ಜೊತೆ ಮಾತಾಡಿದ ಅಜ್ಜ, ಸಂಜೆ ಹೊತ್ತಿಗೆ ಮನೆಯವರನ್ನೇ ಗುರುತಿಸಲ್ಲ. ಮೂಲೆಯಲ್ಲಿ ಯಾರೋ ಮಗು ಕೂತಿದೆ ಅಂತಾರೆ. ಮಾರನೇ ದಿನ ಮತ್ತೆ ಸರಿ. ಇದನ್ನು ಕೆಲವರು ನಾಟಕ ಅಂದುಕೊಳ್ಳುತ್ತಾರೆ, ಇನ್ನು ಕೆಲವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಆದರೆ ಇದು ಲೆವಿ ಬಾಡಿ ಡಿಮೆನ್ಷಿಯಾ ಎಂಬ ಮೆದುಳಿನ ಕಾಯಿಲೆ ಇರಬಹುದು.

ಏನಿದು ಕಾಯಿಲೆ?

ಮೆದುಳಿನ ನರಕೋಶಗಳಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಗಂಟುಗಟ್ಟುವುದರಿಂದ ಇದು ಬರುತ್ತದೆ. ಈ ಗಂಟುಗಳನ್ನು 1912ರಲ್ಲಿ ಮೊದಲು ವಿವರಿಸಿದ ಜರ್ಮನಿಯ ವೈದ್ಯ ಲೆವಿ ಅವರ ಹೆಸರೇ ಕಾಯಿಲೆಗೂ ಬಂದಿದೆ. ಸಾಮಾನ್ಯ ಮರೆಗುಳಿ ಕಾಯಿಲೆಯಲ್ಲಿ ಮೊದಲು ನೆನಪು ಹೋಗುತ್ತದೆ. ಇದರಲ್ಲಿ ಶುರುವಿನಲ್ಲಿ ನೆನಪು ತಕ್ಕಮಟ್ಟಿಗೆ ಚೆನ್ನಾಗಿಯೇ ಇರಬಹುದು. ಎಚ್ಚರ ಮತ್ತು ಗಮನದಲ್ಲಿ ಏರುಪೇರು, ಇಲ್ಲದ ಜನ ಅಥವಾ ಪ್ರಾಣಿ ಕಾಣಿಸುವುದು, ಪಾರ್ಕಿನ್ಸನ್ ತರಹದ ನಿಧಾನ ನಡಿಗೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಮುಖ್ಯ ಲಕ್ಷಣಗಳು. ಪೂರ್ತಿ ಗುಣ ಮಾಡುವ ಔಷಧ ಇನ್ನೂ ಇಲ್ಲ. ಹಾಗಾಗಿ ದಿನನಿತ್ಯದ ಆರೈಕೆಯೇ ದೊಡ್ಡ ಆಸರೆ.

ಇಲ್ಲದ್ದು ಕಂಡಾಗ

ವಾದಕ್ಕೆ ಇಳಿಯಬಾರದು. 'ಅಲ್ಲಿ ಏನೂ ಇಲ್ಲ, ಸುಮ್ನಿರಿ' ಎಂದು ಗದರಿದರೆ ಗಾಬರಿ ಹೆಚ್ಚುತ್ತದೆ. 'ನಂಗೆ ಕಾಣಿಸ್ತಿಲ್ಲ, ಆದ್ರೆ ನಾನು ಇಲ್ಲೇ ಇದ್ದೀನಿ, ಹೆದರ್ಬೇಡಿ' ಅಂದರೆ ಸಾಕು. ಅವರಿಗೆ ಭಯ ಇಲ್ಲದಿದ್ದರೆ ಕಂಡದ್ದನ್ನು ಹಾಗೇ ಬಿಡಬಹುದು. ಗೂಟಕ್ಕೆ ನೇತುಹಾಕಿದ ಅಂಗಿ, ಕನ್ನಡಿ, ಮಬ್ಬು ಬೆಳಕಿನ ನೆರಳು ಮನುಷ್ಯರಂತೆ ಕಾಣುವುದುಂಟು. ಅವನ್ನು ತೆಗೆದು, ಮುಸ್ಸಂಜೆಗೆ ಮುಂಚೆಯೇ ಲೈಟ್ ಹಾಕಿ.

ಬೀಳದಂತೆ ಜೋಪಾನ

- ಮಲಗಿದವರು ಥಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಬಹುದು. ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಎಬ್ಬಿಸಿ.
- ಬಚ್ಚಲು ಒದ್ದೆ ಇರದಂತೆ ನೋಡಿಕೊಳ್ಳಿ. ಗೋಡೆಗೆ ಹಿಡಿ ಹಾಕಿಸಿ, ಸ್ನಾನಕ್ಕೆ ಸ್ಟೂಲ್ ಇಡಿ.
- ನೆಲಕ್ಕೆ ಎಳೆಯುವ ಪಂಚೆ, ಜಾರುವ ಚಪ್ಪಲಿ, ಮಡಚಿಕೊಳ್ಳುವ ಕಾಲೊರಸು ಬೇಡ.
- ಹೊಸ್ತಿಲ ಬಳಿ ಕಾಲು ಕಿತ್ತಿಡಲು ಆಗದೆ ನಿಂತುಬಿಟ್ಟರೆ ಎಳೆಯಬೇಡಿ. 'ಒಂದು, ಎರಡು' ಎಂದು ಎಣಿಸಿ ಹೆಜ್ಜೆ ಹಾಕಿಸಿ.
- ನಿದ್ದೆಯಲ್ಲಿ ಕೈಕಾಲು ಬಡಿಯುವವರಿಗೆ ತಗ್ಗಿನ ಮಂಚ, ಪಕ್ಕದಲ್ಲಿ ಹಾಸಿಗೆ ಒಳ್ಳೆಯದು.

ಊಟ, ಮಾತು, ದಿನಚರಿ

ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಿ. ಊಟವಾದ ತಕ್ಷಣ ಮಲಗಿಸಬೇಡಿ. ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಿ. ಮಲಬದ್ಧತೆ ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ, ಆದ್ದರಿಂದ ಸೊಪ್ಪು, ಹಣ್ಣು, ನೀರು ತಪ್ಪಿಸಬೇಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಸ್ನಾನದಂಥ ಕಷ್ಟದ ಕೆಲಸವನ್ನು ಅವರು ಚುರುಕಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ನಿನ್ನೆ ತಾವೇ ಗುಂಡಿ ಹಾಕಿಕೊಂಡವರಿಗೆ ಇವತ್ತು ಆಗದಿದ್ದರೆ ಅದು ಸೋಮಾರಿತನ ಅಲ್ಲ.

ಮಾತ್ರೆ ವಿಷಯದಲ್ಲಿ ಎಚ್ಚರ

ಭ್ರಮೆ, ರಂಪಾಟ ತಡೆಯಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಗಳು ಈ ಕಾಯಿಲೆ ಇರುವವರಿಗೆ ಜೀವಕ್ಕೇ ಅಪಾಯ ತರಬಹುದು. ಕೆಲವು ಶೀತ, ತುರಿಕೆ, ನಿದ್ದೆ ಮಾತ್ರೆಗಳೂ ಗೊಂದಲ ಹೆಚ್ಚಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡುವುದು ಬೇಡ. 'ಇವರಿಗೆ ಲೆವಿ ಬಾಡಿ ಡಿಮೆನ್ಷಿಯಾ ಇದೆ' ಎಂದು ಚೀಟಿ ಬರೆದು ಆಸ್ಪತ್ರೆ ಫೈಲಿನ ಮೇಲೇ ಅಂಟಿಸಿ. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ತೋರಿಸಿ. ನಡೆಯುತ್ತಿರುವ ಮಾತ್ರೆಯನ್ನು ಸ್ವಂತವಾಗಿ ನಿಲ್ಲಿಸಲೂಬಾರದು. ಗೊಂದಲ ಏಕಾಏಕಿ ಜಾಸ್ತಿಯಾದರೆ ಮೂತ್ರದ ಸೋಂಕು, ಜ್ವರ, ನಿರ್ಜಲೀಕರಣ ಕಾರಣ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

ಆರೈಕೆಗೆ ಜನ ಇಡುವಾಗ

ಸ್ನಾನ, ಬಟ್ಟೆ, ಊಟ, ವಾಕಿಂಗ್, ರಾತ್ರಿ ಕಾವಲು ಇಂಥ ಕೆಲಸಕ್ಕೆ ಆರೈಕೆದಾರರನ್ನು ಇಟ್ಟುಕೊಳ್ಳಬಹುದು. ಇಂಜೆಕ್ಷನ್ ಕೊಡುವುದು, ಮಾತ್ರೆ ಪ್ರಮಾಣ ಬದಲಿಸುವುದು ಅವರ ಕೆಲಸವಲ್ಲ ಎಂದು ಮೊದಲೇ ಹೇಳಿ. ಪದೇ ಪದೇ ಆಳು ಬದಲಾದರೆ ಹಿರಿಯರು ಕಂಗಾಲಾಗುತ್ತಾರೆ. ನಿದ್ದೆ, ಊಟ, ಬಿದ್ದದ್ದು, ಭ್ರಮೆ ಇವನ್ನು ಒಂದು ನೋಟ್‌ಬುಕ್‌ನಲ್ಲಿ ದಿನಾ ಬರೆಸಿ. ಡಾಕ್ಟರ್ ಮುಂದೆ ಹಿರಿಯರು ಚೆನ್ನಾಗಿಯೇ ಮಾತಾಡಿಬಿಡುವುದು ಮಾಮೂಲು. ಆಗ ಮನೆಯ ನಿಜಸ್ಥಿತಿ ಹೇಳೋದು ಆ ನೋಟ್‌ಬುಕ್ಕೇ.

ನೋಡಿಕೊಳ್ಳುವವರಿಗೂ ಬಿಡುವು ಬೇಕು

ಬಹಳ ಮನೆಗಳಲ್ಲಿ ಇಡೀ ಹೊರೆ ಹೆಂಡತಿ ಅಥವಾ ಸೊಸೆಯೊಬ್ಬರ ಮೇಲೇ ಬೀಳುತ್ತದೆ. ರಾತ್ರಿ ನಿದ್ದೆಗೆಟ್ಟವರು ಹಗಲು ಸಿಡುಕುವುದು ಸಹಜ. ಅಣ್ಣತಮ್ಮಂದಿರು, ಅಕ್ಕತಂಗಿಯರು ಸರದಿ ಹಾಕಿಕೊಂಡು ವಾರಕ್ಕೆ ಒಂದು ದಿನವಾದರೂ ಅವರನ್ನು ಬಿಡುಗಡೆ ಮಾಡಬೇಕು.

ಸಹಾಯ ಎಲ್ಲಿ?

ಹಿರಿಯ ನಾಗರಿಕರ ಸಹಾಯವಾಣಿ: 14567. ಮಾನಸಿಕ ಆರೋಗ್ಯದ ಟೆಲಿ ಮಾನಸ್: 14416, ದಿನದ 24 ಗಂಟೆ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ. ಕಾಯಿಲೆ ಯಾವುದೆಂದು ಖಚಿತಪಡಿಸಿಕೊಳ್ಳಲು ನರರೋಗ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ.