ಮೂಡಬಿದಿರೆಯ ಓಲೆಗಳೂ ‘ಸಂಜದ’ ಶಬ್ದವಿವಾದವೂ

ಮೂಡಬಿದಿರೆಯೆಂದೊಡನೆ ಯಾತ್ರಿಕರಿಗೆ ನೆನಪಾಗುವುದು ಕ್ರಿ.ಶ. 1430ರ ಸಾವಿರ ಕಂಬದ ಬಸದಿ. ಅಲ್ಲಿಂದ ಬೆಳ್ತಂಗಡಿ ಸೀಮೆಗೆ ನಡೆದರೆ 1604ರಲ್ಲಿ ತಿಮ್ಮಣ್ಣಾಜಿಲನು ನಿಲ್ಲಿಸಿದ ವೇಣೂರಿನ ಗೊಮ್ಮಟ ಎದುರಾಗುತ್ತಾನೆ. ಈ ಪ್ರದೇಶದ ಕೀರ್ತಿಯೆಲ್ಲ ಕಲ್ಲಿನದೆಂದು ತಿಳಿಯುವುದು ಸಹಜವೇ. ಆದರೆ ಮೂಡಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಓಲೆಗಳ ಒಂದು ಕಟ್ಟು, ಅದರಲ್ಲಿಯೂ ಒಂದೇ ಒಂದು ಶಬ್ದ, ಕಳೆದ ಶತಮಾನದ ನಾಲ್ವತ್ತರ ದಶಕದಲ್ಲಿ ಭಾರತದ ದಿಗಂಬರ ಜೈನ ವಿದ್ವತ್ಸಮಾಜವನ್ನೇ ಕಲಕಿತು. ಸತ್ಯವೆಂದರೆ ಪರಂಪರೆ ಹೇಳಿದುದೊ, ಬರೆಹದಲ್ಲಿರುವುದೊ ಎಂಬ ಪ್ರಶ್ನೆಯನ್ನು ಕೆಲವು ವಾದಪ್ರಬಂಧಗಳು ಹೇಗೆ ಎತ್ತಿದುವು, ಅವಕ್ಕೆ ಉತ್ತರವೆಷ್ಟು ದೊರೆಯಿತು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪುಷ್ಪದಂತ ಭೂತಬಲಿಗಳ ಪ್ರಾಕೃತ ಸೂತ್ರಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯನು ರಚಿಸಿದ ಟೀಕೆಯೇ ಧವಲ. ಸಾಮಾನ್ಯವಾಗಿ ಒಪ್ಪಿರುವ ಎಣಿಕೆಯಂತೆ ಅದು ಮುಗಿದುದು ಕ್ರಿ.ಶ. 816ರಲ್ಲಿ. ಅವನು ಆರಂಭಿಸಿ ಶಿಷ್ಯ ಜಿನಸೇನನು ಪೂರೈಸಿದ ಜಯಧವಲ 837ರದು. ಧವಲವೊಂದೇ ಸುಮಾರು 72,000 ಶ್ಲೋಕ ಪ್ರಮಾಣದ ಗ್ರಂಥ. ಭಾಷೆ ಪ್ರಾಕೃತ ಸಂಸ್ಕೃತಗಳ ಮಿಶ್ರಣ. ಮೂಡಬಿದಿರೆಯ ಓಲೆಗಳ ಲಿಪಿಯಾದರೋ ಹಳಗನ್ನಡ. ಉತ್ತರದ ಪಂಡಿತರಿಗೆ ಭಾಷೆ ತಿಳಿದರೂ ಅಕ್ಷರ ತಿಳಿಯದು. ಅಕ್ಷರ ಕೂಡಿಸಿ ಓದಬಲ್ಲ ಇಲ್ಲಿಯವರಿಗೆ ವಿಷಯ ಸುಲಭಗ್ರಾಹ್ಯವಲ್ಲ. ಹೀಗಾಗಿ ಗ್ರಂಥ ಕ್ರಮೇಣ ಪೂಜಾವಸ್ತುವಾಯಿತು. ಯಾತ್ರಿಕರು ರತ್ನಬಿಂಬಗಳನ್ನು ಕಂಡಂತೆಯೇ ಓಲೆಕಟ್ಟುಗಳನ್ನೂ ಕಂಡು ಕೈಮುಗಿಯುತ್ತಿದ್ದರು. ಅದಕ್ಕೆ ‘ಸಿದ್ಧಾಂತದರ್ಶನ’ವೆಂದೇ ಹೆಸರು. ಆ ಭಕ್ತಿಯನ್ನು ನಾವು ಹಗುರವಾಗಿ ಕಾಣಲಾರೆವು. ಅದಿಲ್ಲದಿದ್ದರೆ ಕರಾವಳಿಯ ಮಳೆಗೂ ಗೆದ್ದಲಿಗೂ ಓಲೆಗಳು ಎಂದೋ ಆಹುತಿಯಾಗುತ್ತಿದ್ದುವು.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆಂದು ಬಂದು ಓಲೆಗಳನ್ನು ಕಂಡರು. ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ವಿಷಯ ತಿಳಿಸಿದರು. ಮಾತುಕತೆಗಳಲ್ಲಿ ವರ್ಷಗಳು ಕಳೆದು, 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಮೊದಲಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಉಪಾಧ್ಯಾಯರೂ ಇದಕ್ಕೆ ನಿಯುಕ್ತರಾದರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಕಾರ್ಯ ಮುಗಿಯುವ ವೇಳೆಗೆ 1922 ಬಂದಿತ್ತು. ಪ್ರತಿಗಳು ಮೂಡಬಿದಿರೆಯಿಂದ ಹೊರಹೋಗಕೂಡದೆಂಬುದು ಕರಾರು. ಗಜಪತಿ ಉಪಾಧ್ಯಾಯರಾದರೋ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದ್ದರು. ಅದನ್ನು ಕೊಳ್ಳಲು ಹೀರಾಚಂದರೂ ಮಾಣಿಕಚಂದರೂ ಒಪ್ಪಲಿಲ್ಲ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಕೊಂಡರು. ಅಲ್ಲಿ ವಿಜಯಚಂದ್ರಯ್ಯ, ಸೀತಾರಾಮ ಶಾಸ್ತ್ರಿ ಎಂಬ ಪಂಡಿತರು ಅದನ್ನು ನಾಗರಿಗೆ ಇಳಿಸಿದರು. ಸೀತಾರಾಮ ಶಾಸ್ತ್ರಿಗಳು ತಮಗೆಂದು ಉಳಿಸಿಕೊಂಡ ಪ್ರತಿಯಿಂದ ಅಮರಾವತಿ, ಆರಾ, ಕಾರಂಜಾ ಮುಂತಾದೆಡೆಗಳ ಪ್ರತಿಗಳು ಹುಟ್ಟಿದುವು. ಗುಪ್ತಕಾರ್ಯದ ನ್ಯಾಯಾನ್ಯಾಯಗಳು ಬೇರೆ ಮಾತು. ಪಾಠಶೋಧನದ ದೃಷ್ಟಿಯಿಂದ ನಾವು ಗಮನಿಸಬೇಕಾದುದು ಇಷ್ಟೆ: ಮುದ್ರಣಕ್ಕೆ ಆಧಾರವಾದುದು ಓಲೆಯಲ್ಲ, ಓಲೆಯ ಪ್ರತಿಯ ಪ್ರತಿಯ ಪ್ರತಿ.

ಪ್ರೊ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟವನ್ನು ಪ್ರಕಟಿಸಿದರು. ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಆ. ನೇ. ಉಪಾಧ್ಯೆಯವರು ಈ ಕಾರ್ಯದಲ್ಲಿ ಅವರಿಗೆ ಜೊತೆಯಾಗಿದ್ದರು. ಸಿದ್ಧಾಂತಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರು ಅಧಿಕಾರಿಗಳಲ್ಲವೆಂಬ ಆಕ್ಷೇಪ ಒಡನೆಯೇ ಎದ್ದಿತು. ಸಂಪಾದಕರು ಇದಕ್ಕೆ ತಮ್ಮ ಪ್ರಸ್ತಾವನೆಯೊಂದರಲ್ಲಿ ವಿಸ್ತಾರವಾಗಿ ಉತ್ತರವಿತ್ತರು. ನಿಷೇಧದ ವಚನಗಳಿರುವುದು ಯಾವ ಗ್ರಂಥಗಳಲ್ಲಿ, ಅವುಗಳ ಕಾಲವಾವುದು ಎಂದು ಕೇಳುವ ಈ ಪ್ರಸ್ತಾವನೆ ಹೆಸರಿಗೆ ಮುನ್ನುಡಿ. ನಡೆಯಲ್ಲಿ ಅಪ್ಪಟ ವಾದಪ್ರಬಂಧ.

ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ಮುಖ್ಯವಾದ ಕಲಹ ಅಡಗಿತ್ತು. ಜೀವನು ಏರಬೇಕಾದ ಹದಿನಾಲ್ಕು ಗುಣಸ್ಥಾನಗಳಲ್ಲಿ ಐದನೆಯದು ಸಂಯತಾಸಂಯತ, ಎಂದರೆ ಅಣುವ್ರತಿಯಾದ ಶ್ರಾವಕನ ಮೆಟ್ಟಿಲು. ಆರನೆಯದರಿಂದ ಮೇಲೆ ಸಂಯತ, ಎಂದರೆ ಮಹಾವ್ರತಿಯದು. ‘ಮಣುಸಿಣಿ’ಗೆ, ಎಂದರೆ ಮಾನವಸ್ತ್ರೀಗೆ, ಯಾವ ಯಾವ ಗುಣಸ್ಥಾನಗಳಲ್ಲಿ ಪರ್ಯಾಪ್ತಿ ನಿಯತವಾದುದೆಂದು ಆ ಸೂತ್ರ ಹೇಳುತ್ತದೆ. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಈ ಸಾಲು ‘ಸಂಜದಾಸಂಜದ’ಕ್ಕೆ ನಿಂತಿತ್ತು. ಇಲ್ಲಿ ‘ಸಂಜದ’ ಎಂಬ ಇನ್ನೊಂದು ಶಬ್ದ ಬಿಟ್ಟುಹೋಗಿರುವಂತೆ ಕಾಣುತ್ತದೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಈ ಊಹೆಗೆ ಎರಡು ಆಧಾರಗಳುಂಟು. ಪದಗಳ ನಡುವೆ ತೆರಪಿಲ್ಲದ ಓಲೆಯಲ್ಲಿ ‘ಸಂಜದಾಸಂಜದಸಂಜದ’ ಎಂದು ಒಂದೇ ಅಕ್ಷರಗುಚ್ಛ ಮೂರು ಬಾರಿ ಬಂದಾಗ ಲಿಪಿಕಾರನ ಕಣ್ಣು ಒಂದನ್ನು ಹಾರಿಸುವುದು ಅತ್ಯಂತ ಸ್ವಾಭಾವಿಕ. ಹಳೆಯ ಪ್ರತಿಗಳನ್ನು ಓದಿದ ಯಾರಿಗೂ ಇದು ಅನುಭವವೇದ್ಯ. ಎರಡನೆಯದು ಇನ್ನೂ ಬಲವಾದುದು. ಈ ಸೂತ್ರದ ಟೀಕೆಯಲ್ಲಿ ವೀರಸೇನನೇ ಒಂದು ಶಂಕೆಯನ್ನೆತ್ತುತ್ತಾನೆ: ಹಾಗಾದರೆ ಇದರಿಂದಲೇ ದ್ರವ್ಯಸ್ತ್ರೀಯರಿಗೆ ಮೋಕ್ಷ ಸಿದ್ಧಿಸದೆ? ಇಲ್ಲವೆಂದು ಅವನೇ ಸಮಾಧಾನ ಹೇಳುತ್ತಾನೆ. ವಸ್ತ್ರಸಹಿತರಿಗೆ ಸಂಯಮ ಸಲ್ಲದು, ಇಲ್ಲಿಯ ಮಾತು ಭಾವಸ್ತ್ರೀಗೆ, ಎಂದರೆ ದೇಹದಿಂದ ಪುರುಷನಾಗಿದ್ದು ಕರ್ಮೋದಯದಿಂದ ಭಾವದಲ್ಲಿ ಮಾತ್ರ ಸ್ತ್ರೀಯಾದವನಿಗೆ ಅನ್ವಯಿಸುವುದೆನ್ನುತ್ತಾನೆ. ಸೂತ್ರ ಐದನೆಯ ಮೆಟ್ಟಿಲಿನಲ್ಲಿಯೇ ನಿಂತಿದ್ದರೆ ಮೋಕ್ಷದ ಶಂಕೆಗೆ ಎಡೆಯೆಲ್ಲಿ? ಉತ್ತರವಿದೆಯೆಂದಮೇಲೆ ಪ್ರಶ್ನೆಯನ್ನು ಹುಟ್ಟಿಸಿದ ಶಬ್ದವೂ ಇದ್ದಿರಲೇಬೇಕು. ಪಾಠನಿರ್ಣಯ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ವಿರೋಧಿಗಳ ವಾದವೂ ನಿರಾಧಾರವಾಗಿರಲಿಲ್ಲ. ಪರ್ಯಾಪ್ತಿಯೆಂದರೆ ಶರೀರಾದಿಗಳ ಪೂರ್ಣತೆ; ಆ ಪ್ರಕರಣದಲ್ಲಿ ಬರುವ ಸ್ತ್ರೀ ದೇಹದಿಂದಲೇ ಸ್ತ್ರೀಯಾಗಿರಬೇಕು; ಅಲ್ಲಿ ‘ಸಂಜದ’ವನ್ನು ಒಪ್ಪಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತೆಯೇ ಆಗುವುದು; ಆದುದರಿಂದ ಶಬ್ದವೇ ಪ್ರಕ್ಷಿಪ್ತವೆಂದು ಅವರು ಸಾಧಿಸಿದರು. 1944ರ ಸುಮಾರಿಗೆ ಕಾಶಿಯ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿ ಹೀರಾಲಾಲರು ಮಂಡಿಸಿದ ಪ್ರಬಂಧದಿಂದ ಈ ಭಯ ಇಮ್ಮಡಿಯಾಯಿತು. ದಿಗಂಬರ ಶ್ವೇತಾಂಬರ ಶಾಸನಗಳಲ್ಲಿ ಮೂಲಭೂತವಾದ ಭೇದವುಂಟೆ ಎಂಬುದೇ ಅದರ ಪ್ರಶ್ನೆ. ಸ್ತ್ರೀಮುಕ್ತಿಯೇ ಮೊದಲಾದ ವಿಷಯಗಳಲ್ಲಿ ಪ್ರಾಚೀನ ಆಗಮ ಪ್ರಚಲಿತ ಮತಕ್ಕೆ ಅನುಕೂಲವಾಗಿಲ್ಲವೆಂಬ ಅಭಿಪ್ರಾಯ ಅದರಲ್ಲಿತ್ತು. ಖಂಡನಗ್ರಂಥಗಳು ಸಾಲಾಗಿ ಹೊರಬಂದುವು.

ಈ ಪ್ರಶ್ನೆ ಕರ್ಣಾಟಕಕ್ಕೆ ಹೊಸದಾಗಿರಲಿಲ್ಲ. ಜಯಧವಲ ರಚಿತವಾದ ರಾಷ್ಟ್ರಕೂಟರ ಕಾಲದಲ್ಲಿಯೇ, ಅಮೋಘವರ್ಷನ ಆಳಿಕೆಯಲ್ಲಿದ್ದ ಯಾಪನೀಯ ವೈಯಾಕರಣ ಶಾಕಟಾಯನನು ‘ಸ್ತ್ರೀನಿರ್ವಾಣಪ್ರಕರಣ’ವೆಂಬ ಕೃತಿಯನ್ನು ರಚಿಸಿ ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವುಂಟೆಂದು ತರ್ಕದಿಂದ ಸಮರ್ಥಿಸಿದ್ದನು. ನಗ್ನತ್ವವನ್ನೂ ಸ್ತ್ರೀಮುಕ್ತಿಯನ್ನೂ ಒಟ್ಟಿಗೆ ಮನ್ನಿಸಿದ ಯಾಪನೀಯರು ಕನ್ನಡನಾಡಿನಲ್ಲಿ ಶತಮಾನಗಳ ಕಾಲ ಪ್ರಬಲರಾಗಿದ್ದರು. ವೀರಸೇನನ ಶಂಕೆಯ ಹಿಂದೆ ಅಂಥ ಜೀವಂತ ಪ್ರತಿವಾದಿಗಳಿದ್ದಿರಬೇಕೆಂದು ನಮಗೆ ತೋರುತ್ತದೆ.

ಓಲೆ ಏನನ್ನುತ್ತದೆ? ಮೊದಲ ಸಂಪುಟಗಳು ಹೊರಬಂದಮೇಲೆ ಮೂಡಬಿದಿರೆಯ ಚಾರುಕೀರ್ತಿ ಭಟ್ಟಾರಕರೂ ಪಂಚರೂ ಮೂಲದೊಡನೆ ಪಾಠ ಹೋಲಿಸಲು ಅನುಮತಿ ನೀಡಿದರು. ದೀರ್ಘಕಾಲ ಮುಚ್ಚಿದ್ದ ಪೆಟ್ಟಿಗೆಗೆ ಕೀಲಿಯಾದುದು ಹಣವೂ ಅಲ್ಲ, ಗುಪ್ತಪ್ರತಿಯೂ ಅಲ್ಲ; ಎದುರಿಗಿದ್ದ ಶುದ್ಧವಾದ ಕೆಲಸ. ಈ ಪಾಠಗಳನ್ನು ಮೂಡಬಿದಿರೆಯ ಪಂಡಿತ ಲೋಕನಾಥ ಶಾಸ್ತ್ರಿಗಳು ಓದಿ ಕಳುಹಿಸಿದರು. 1941ರ ಮೂರನೆಯ ಸಂಪುಟದಲ್ಲಿ ಹೋಲಿಕೆಯ ಫಲ ಅಚ್ಚಾಯಿತು. ಸಂಪಾದಕರು ತರ್ಕದಿಂದ ಊಹಿಸಿದ್ದ ಎಷ್ಟೋ ಪಾಠಗಳು ಓಲೆಯಲ್ಲಿ ಹಾಗೆಯೇ ಇದ್ದುವು. 93ನೆಯ ಸೂತ್ರದಲ್ಲಿ ‘ಸಂಜದ’ವೂ ಇತ್ತು. ‘ಮಹಾಧವಲ’ವೆಂದು ಪೂಜೆಗೊಳ್ಳುತ್ತಿದ್ದ ಕಟ್ಟಿನಲ್ಲಿ ಮೊದಲಿಗೆ ಒಂದು ಪಂಜಿಕೆಯೂ ಅನಂತರ ಭೂತಬಲಿಯ ಮಹಾಬಂಧವೂ ಇವೆಯೆಂಬುದು ಸ್ಪಷ್ಟವಾದುದೂ ಇಂಥ ಶೋಧನದಿಂದಲೇ.

ವಿವಾದ ಅಷ್ಟಕ್ಕೆ ಶಮನವಾಗಲಿಲ್ಲ. ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೆತ್ತಿಸುವ ಕಾರ್ಯ ನಡೆದಾಗ ಶಬ್ದವನ್ನು ಇಡಬೇಕೆ, ಬಿಡಬೇಕೆ ಎಂಬ ಚರ್ಚೆ ಮರಳಿ ಹೊತ್ತಿಕೊಂಡಿತು. ನಮ್ಮ ಅಭಿಪ್ರಾಯದಲ್ಲಿ ಎರಡು ಪ್ರಶ್ನೆಗಳು ಇಲ್ಲಿ ಕಲಸಿಹೋಗಿದ್ದುವು. ಶಬ್ದ ಇದ್ದಿತೆ ಎಂಬುದನ್ನು ಓಲೆ ನಿರ್ಣಯಿಸಬಲ್ಲುದು. ‘ಮಣುಸಿಣಿ’ ಯಾರೆಂಬುದನ್ನು ಓಲೆ ಹೇಳಲಾರದು. ಅಡಿಟಿಪ್ಪಣಿಯ ಹೀರಾಲಾಲರು ನಿಸ್ಸಂಶಯವಾಗಿ ಸರಿ. ಕಾಶಿಯ ಪ್ರಬಂಧದ ಹೀರಾಲಾಲರ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾಗದು. ಸೂತ್ರಕಾರನ ಆಶಯ ಏನೇ ಇರಲಿ, ಟೀಕಾಕಾರನ ಸ್ಪಷ್ಟವಾದ ನಿಷೇಧವನ್ನು ದಾಟಲು ಬೇರೆ ಪ್ರಮಾಣಗಳು ಬೇಕು. ಆದರೆ ಸಿದ್ಧಾಂತಕ್ಕೆ ಒಗ್ಗದೆಂಬ ಒಂದೇ ಕಾರಣದಿಂದ ಶಬ್ದವನ್ನು ಅಳಿಸಹೊರಟವರು ತಾವು ರಕ್ಷಿಸಬೇಕೆಂದಿದ್ದ ಆಗಮಕ್ಕೇ ಕೈಹಚ್ಚಿದರೆಂಬುದನ್ನು ಮರೆಯಲಾಗದು. ಪಾಠವನ್ನು ಉಳಿಸಿಕೊಂಡೇ ಅರ್ಥವನ್ನು ಭಾವಸ್ತ್ರೀಯಲ್ಲಿ ನಿಲ್ಲಿಸಿದ ವಿದ್ವಾಂಸರೂ ಸಂಪ್ರದಾಯದೊಳಗೇ ಇದ್ದರು. ಅವರ ನಿಲುವು ವೀರಸೇನನ ನಿಲುವೇ. ಸೊಲ್ಲಾಪುರದ ಜೀವರಾಜ ಗ್ರಂಥಮಾಲೆಯಿಂದ 1973ರಲ್ಲಿ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ‘ಸಂಜದ’ ಅಡಿಟಿಪ್ಪಣಿಯಿಂದೆದ್ದು ಸೂತ್ರದೊಳಗೆ ಸೇರಿತು.

ಓಲೆಗಳ ಪುಷ್ಪಿಕೆಗಳಲ್ಲಿ ಇನ್ನೊಂದು ಸಂಗತಿಯುಂಟು. ವಾದಕ್ಕಿಳಿದವರಲ್ಲಿ ಹೆಚ್ಚಿನವರು ಅದರತ್ತ ಗಮನ ಹರಿಸಿದಂತೆ ಕಾಣುವುದಿಲ್ಲ. ಧವಲದ ಪ್ರತಿಯನ್ನು ಶ್ರುತಪಂಚಮೀ ವ್ರತದ ಉದ್ಯಾಪನೆಗಾಗಿ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದವಳು ದೇಮಿಯಕ್ಕ. ಆ ಗುರುಗಳು 1123ರಲ್ಲಿ ಸಮಾಧಿ ಹೊಂದಿದುದನ್ನು ಶ್ರವಣಬೆಳಗೊಳದ ಶಾಸನ ತಿಳಿಸುವುದರಿಂದ ಓಲೆಯ ಕಾಲವೂ ಅದಕ್ಕೆ ಹಿಂದಿನದಾಗುತ್ತದೆ. ಮಹಾಬಂಧವನ್ನು ಬರೆಯಿಸಿ ಮಾಘನಂದಿಗಳಿಗೆ ಅರ್ಪಿಸಿದವಳು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ.