ಚಿನಿವಾರನ ಚೀಲಕ್ಕೆ ಹೊಣೆ ಯಾರು?

ಹಳೆಯ ನಾಣ್ಯಗಳನ್ನು ಕೊಂಡು ಮಾರುವವನ ಸರಕು ಉಳಿದ ವ್ಯಾಪಾರಿಗಳ ಸರಕಿನಂತಲ್ಲ. ನೂರು ಮುಡಿ ಅಕ್ಕಿಯನ್ನು ಒಂದೇ ರಾತ್ರಿಯಲ್ಲಿ ಸಾಗಿಸುವುದು ಕಳ್ಳನಿಗೂ ಪ್ರಯಾಸದ ಕೆಲಸ. ಆದರೆ ಆಳುಪ ಅರಸರ ಒಂದು ಚಿನ್ನದ ಹಣ ಅರ್ಧ ಗ್ರಾಮಿಗೂ ಕಡಿಮೆ ತೂಗುತ್ತದೆ. ಅಂತಹ ಹತ್ತು ಹಣ ಸೇರಿದರೆ ಒಂದು ಗದ್ಯಾಣ. ಒಂದು ಮಗ್ಗುಲಲ್ಲಿ ಜೋಡಿ ಮೀನು, ಇನ್ನೊಂದರಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬಿರುದು. ಒಂದು ರಾಜವಂಶದ ಚರಿತ್ರೆಯೇ ಹಿಡಿಮುಷ್ಟಿಯಲ್ಲಿ ಅಡಗಿ, ಅಕ್ಕಸಾಲೆಯ ಮೂಸೆಯಲ್ಲಿ ಕರಗಿಹೋಗಬಲ್ಲುದು. ಅದು ಕಳೆದರೆ ನಷ್ಟ ಯಾರದು? ಈ ಪ್ರಶ್ನೆ ನಮ್ಮ ಕರಾವಳಿಗೆ ಹೊಸತಲ್ಲ.

ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೂ ಒಂದು ಗದ್ಯಾಣಕ್ಕೂ ತನ್ನ ಹೆಸರನ್ನು ಕೊಟ್ಟಿತು. ಶಾಸನಗಳಲ್ಲಿ ‘ಬಾರಕೂರ ಗದ್ಯಾಣ’ ಎಂದೂ ‘ಮಂಗಳೂರ ಗದ್ಯಾಣ’ ಎಂದೂ ಬೇರೆಬೇರೆಯಾಗಿ ಹೇಳಿರುವುದನ್ನು ನೋಡಿದರೆ, ಅವುಗಳ ತಾರತಮ್ಯವನ್ನು ಬಲ್ಲ ಪರೀಕ್ಷಕರು ಪೇಟೆಗೆ ಅನಿವಾರ್ಯರಾಗಿದ್ದರೆಂದು ಊಹಿಸಬಹುದು. ಅಂಥವನಿಗೆ ಕನ್ನಡದಲ್ಲಿ ಚಿನಿವಾರ ಎಂದು ಹೆಸರು. ವೃತ್ತಪತ್ರಿಕೆಗಳು ಚಿನ್ನ ಬೆಳ್ಳಿಯ ಧಾರಣೆಯನ್ನು ‘ಚಿನಿವಾರ ಪೇಟೆ’ ಎಂಬ ತಲೆಬರಹದಡಿ ಅಚ್ಚುಮಾಡುತ್ತ ಬಂದುದರಿಂದ ಆ ಮಾತು ಇನ್ನೂ ಸತ್ತಿಲ್ಲ.

ಇಂಥವನ ಕೈಗೆ ಒಬ್ಬನು ಚೀಲವನ್ನು ಒಪ್ಪಿಸಿದನೆನ್ನೋಣ. ಯಾಜ್ಞವಲ್ಕ್ಯ ಸ್ಮೃತಿಯೂ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಕುಳಿತು ವಿಜ್ಞಾನೇಶ್ವರನು ಅದಕ್ಕೆ ಬರೆದ ಮಿತಾಕ್ಷರಾ ವ್ಯಾಖ್ಯಾನವೂ ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿವೆ. ಎಣಿಸಿ ತೋರಿಸಿ ಕೊಟ್ಟದ್ದು ನಿಕ್ಷೇಪ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಕೊಟ್ಟದ್ದು ಉಪನಿಧಿ. ಕೊಟ್ಟಂತೆಯೇ ಹಿಂದಿರುಗಿಸತಕ್ಕದ್ದು. ಆದರೆ ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಅದು ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಹಾಗಾದರೆ ಕಳೆದುಕೊಂಡವನ ಗತಿಯೇನು? ಕಳವಾದುದನ್ನು ಪ್ರಜೆಗೆ ರಾಜನು ಕೊಡಿಸಬೇಕು; ಕಳ್ಳತನ ನಡೆದ ಎಲ್ಲೆಯ ಗ್ರಾಮ, ಇಲ್ಲವೆ ಕಳ್ಳನ ಹೆಜ್ಜೆ ಯಾವ ಗ್ರಾಮದತ್ತ ಹೋಗಿದೆಯೋ ಆ ಗ್ರಾಮ, ಹೊಣೆ ಹೊರಬೇಕು. ಊರಿಗೆ ಊರೇ ವಿಮೆ ಕೊಟ್ಟಂತಾಯಿತು! ಈ ನಿಯಮ ನಮ್ಮ ಹಳ್ಳಿಗಳಲ್ಲಿ ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆ ಮಾತು. ಸಾಲ ತೆಗೆದು ಅಡವಿಯ ದಾರಿ ಹಿಡಿದವನು ತಿಂಗಳಿಗೆ ನೂರಕ್ಕೆ 10ರಂತೆ, ಕಡಲಿಗಿಳಿದವನು 20ರಂತೆ ಬಡ್ಡಿ ಕೊಡಬೇಕೆಂಬ ವಿಧಿಯೂ ಅಲ್ಲಿದೆ. ಮೂಲಧನವೇ ಮುಳುಗೀತೆಂಬ ಶಂಕೆಗೆ ಕಟ್ಟಿದ ಬೆಲೆಯದು. ವಿಮೆ ಎಂಬ ನಮ್ಮ ಶಬ್ದ ಪಾರಸಿಯ ‘ಬೀಮ’ದಿಂದ ಬಂದಿದೆ, ಅದರ ಮೂಲವಾದ ‘ಬೀಮ್’ ಎಂದರೆ ಭಯ.

ಭಯವನ್ನು ಮಾರುವವರೂ ಇದ್ದರು. 1342ರ ಸುಮಾರಿನಲ್ಲಿ ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ, ಚೀನಾದ ದೊರೆಗೆ ಉಡುಗೊರೆಗಳನ್ನು ಹೊತ್ತು ಈ ದಾರಿಯಾಗಿ ಸಾಗಿದ ಇಬ್ನ್ ಬತೂತ ಹೇಳುವ ಫಾಕನೂರು ನಮ್ಮ ಬಾರಕೂರೇ. ಅಲ್ಲಿನ ಅರಸ ಬಾಸದೇವ, ಅಂದರೆ ವಾಸುದೇವ. ಅವನಲ್ಲಿ ಸುಮಾರು 30 ಯುದ್ಧನೌಕೆಗಳು. ಅವುಗಳ ನಾಯಕ ಲೂಲಾ ಎಂಬವನು ವರ್ತಕರನ್ನು ದೋಚುವ ಕಡಲುಗಳ್ಳ. ಹಾದುಹೋಗುವ ಪ್ರತಿಯೊಂದು ಹಡಗೂ ಲಂಗರು ಹಾಕಿ ‘ಬಂದರಿನ ಹಕ್ಕು’ ಒಪ್ಪಿಸಬೇಕು. ತಪ್ಪಿಸಿಕೊಂಡರೆ ಅಟ್ಟಿ ಹಿಡಿದು ಇಮ್ಮಡಿ ವಸೂಲು ಮಾಡುವರು. ಇದೇ ಅರಸ ರಾಯಭಾರಿಯ ಹಡಗಿಗೆ ತನ್ನ ಮಗನನ್ನೇ ಒತ್ತೆಯಾಗಿ ಕಳುಹಿಸಿದನಂತೆ! ಕಾಗದವೂ ಕಂತೂ ಇಲ್ಲದ ಭರವಸೆ. ಮುಂದೆ ಕಲ್ಲಿಕೋಟೆಯಲ್ಲಿ ಆ ಉಡುಗೊರೆಗಳು ಬಿರುಗಾಳಿಗೆ ಸಿಕ್ಕಿ ಸಮುದ್ರದ ಪಾಲಾದವು. ಗಾಳಿಗೆ ಒತ್ತೆ ಕೊಡುವವರು ಯಾರು? ಪೋರ್ತುಗೀಸರು ಬಂದ ಮೇಲೆ ಕಾರ್ತಾಜ್ ಎಂಬ ರಹದಾರಿ ಪತ್ರ ಬಂದಿತು. ಅದೂ ಇದೇ ಜಾತಿಯದು.

ಕುಂದಾಪುರದ ಮಗ್ಗುಲಿನ ಬಸರೂರಿನಲ್ಲಿ ವರ್ತಕರ ‘ಹಲರು’ ಎಂಬ ಬಲವಾದ ಸಂಘವಿದ್ದಿತು. ಆದರೂ 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಬಂದಿಳಿದು ಪೇಟೆಯನ್ನು ಸೂರೆಮಾಡಿದಾಗ ತಡೆಯಲಾಗಲಿಲ್ಲ. ಹಿಂದಿರುಗುವ ಹಾದಿಯಲ್ಲಿ ಕಾರವಾರದ ಇಂಗ್ಲಿಷ್ ವರ್ತಕರು ತಮ್ಮ ಪಾಲಿನ 112 ಪೌಂಡುಗಳನ್ನು ತೆತ್ತು ಸರಕನ್ನು ಉಳಿಸಿಕೊಂಡರು. ಸ್ಮೃತಿಕಾರರು ಕಳ್ಳನ ಜೊತೆಗೆ ರಾಜನನ್ನೂ ಏಕೆ ಹೆಸರಿಸಿದರೆಂಬುದು ಬಸರೂರಿನ ಸೆಟ್ಟರಿಗೆ ಅಂದು ಚೆನ್ನಾಗಿ ತಿಳಿದಿರಬೇಕು.

ಕಳ್ಳತನಕ್ಕೆ ಈಗಿನ ಬಗೆಯ ವಿಮೆ ಹುಟ್ಟಿದ್ದು 1880ರ ದಶಕದಲ್ಲಿ, ಲಂಡನಿನ ಲಾಯ್ಡ್ಸ್ ಸಂಸ್ಥೆಯ ಕತ್ಬರ್ಟ್ ಹೀತ್ ಎಂಬವನ ಸಾಹಸದಿಂದ. ಆಭರಣ ವ್ಯಾಪಾರಿಗಳಿಗಾಗಿ ಬೆಳೆದ ‘ಜ್ಯುವೆಲರ್ಸ್ ಬ್ಲಾಕ್’ ಪಾಲಿಸಿಯೇ ನಾಣ್ಯ ವ್ಯಾಪಾರಿಗೂ ಹತ್ತಿರದ್ದು. ಅಂಗಡಿಯಲ್ಲಿರುವ ಸರಕು, ಮಾಲೀಕನ ಅಥವಾ ನೌಕರನ ಕೈಯಲ್ಲಿ ಊರೂರು ತಿರುಗುವ ಸರಕು, ಅಂಚೆಯಲ್ಲಿ ಸಾಗುವ ಸರಕು—ಒಂದೊಂದಕ್ಕೂ ಬೇರೆ ಭಾಗ. ವಿನಾಯಿತಿಗಳನ್ನು ಓದಿದಾಗ ಮಾತ್ರ ಮಿತಾಕ್ಷರಾದ ನೆನಪಾಗುತ್ತದೆ. ಯುದ್ಧದ ನಷ್ಟಕ್ಕೆ ಪರಿಹಾರವಿಲ್ಲ, ಅಂದರೆ ಬಸರೂರಿನ ಸೂರೆ ಇಂದೂ ಹೊರಗೇ. ರಾತ್ರಿ ತಿಜೋರಿಯಲ್ಲಿಡದೆ ಹೊರಗೆ ಬಿಟ್ಟದ್ದಕ್ಕಿಲ್ಲ. ನಂಬಿದ ನೌಕರನೇ ಲಪಟಾಯಿಸಿದರೆ ಇಲ್ಲ. ದಾಸ್ತಾನು ಎಣಿಸುವಾಗ ಹತ್ತರಲ್ಲಿ ಒಂದು ಕಡಿಮೆಯಾಯಿತು, ಹೇಗೆಂದು ತಿಳಿಯದು ಎಂದರೂ ಇಲ್ಲ. ಅರ್ಧ ಗ್ರಾಮಿನ ಹಣಗಳು ಕಾಣೆಯಾಗುವುದು ಹೆಚ್ಚಾಗಿ ಹಾಗೆಯೇ ಅಲ್ಲವೆ?

ಬೆಲೆಯ ಮಾತು ಇನ್ನೂ ಕಠಿಣ. ಜೋಡಿ ಮೀನಿನ ಹಣಕ್ಕೆ ಸಂಗ್ರಾಹಕನು ಕೊಡುವ ಬೆಲೆ ಚಿನ್ನದ ಬೆಲೆಯ ಹಲವು ಪಾಲು. ಅದನ್ನು ವಿಮೆಯವರೊಡನೆ ಮೊದಲೇ ಒಪ್ಪಿಸಿ ಬರೆಸದಿದ್ದರೆ ನಷ್ಟದ ದಿನ ವಾದವೆಲ್ಲ ತಕ್ಕಡಿಯ ಕಡೆಗೇ ವಾಲುತ್ತದೆ. ಬರೆಸುವುದಕ್ಕೂ ನಾಣ್ಯ ಎಲ್ಲಿಂದ ಬಂತೆಂದು ಹೇಳಬೇಕು. ನೆಲದಲ್ಲಿ ಸಿಕ್ಕಿದ ನಿಧಿಯ ಬೆಲೆ 10 ರೂಪಾಯಿ ಮೀರಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ವಿಧಿಸಿತ್ತು. ನೂರು ವರ್ಷ ಮೀರಿದ ನಾಣ್ಯ 1972ರ ಪುರಾವಸ್ತು ಕಾಯಿದೆಗೂ ಒಳಪಡುತ್ತದೆ. ಗದ್ದೆಯಲ್ಲಿ ಸಿಕ್ಕಿದ್ದನ್ನು ಗುಟ್ಟಾಗಿ ಕೊಂಡವನು ಕಳುವಾದಾಗ ಪೊಲೀಸರೆದುರು ಬಾಯಿ ಬಿಡಲಾರ. ಅವನ ಚೀಲ ಒಳಗೇನಿದೆಯೆಂದು ಹೇಳದ ಉಪನಿಧಿ. ಕಳ್ಳನಿಗೂ ಅದು ಗೊತ್ತು. ಆದುದರಿಂದ ಅವನು ಸಂಗ್ರಾಹಕನನ್ನು ಹುಡುಕದೆ ನೇರವಾಗಿ ಮೂಸೆಯ ಬಳಿಗೆ ನಡೆಯುತ್ತಾನೆ.